ಮೂರು ಸಲ ಹೇಳಿದರೂ ಜಾನ್ ‘ಸರ್’ ಆಗಿಯೇ ಉಳಿದರು

ಹೋದ ತಿಂಗಳು ಒಬ್ಬ ಹುಡುಗ ಲ್ಯಾಪ್‌ಟಾಪ್ ತೆರೆದು ನನ್ನ ಎದುರು ಕೂತ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಹೊರದೇಶದ ಗ್ರಾಹಕರಿಗೆ ದಿನಾ ಮೇಲ್ ಬರೆಯುವ ಕೆಲಸ. ಮುಖ ಸಪ್ಪಗಿತ್ತು. ‘ಮೇಡಂ, ನಾನು ಅಷ್ಟು ಮರ್ಯಾದೆ ಕೊಟ್ಟು ಬರೀತೀನಿ. ಆದ್ರೂ ಅವರು ನನ್ನ ಹತ್ರ ಸರಿಯಾಗಿ ಮಾತಾಡಲ್ಲ. ಏನಿದ್ರೂ ನನ್ನ ಪಕ್ಕದ ಸೀಟಿನವಳಿಗೇ ಬರೀತಾರೆ. ಅವಳು ನೋಡಿದ್ರೆ ಬರೀ ಹಾಯ್ ಅಂತ ಶುರು ಮಾಡ್ತಾಳೆ’ ಅಂದ.

ಮೇಲ್‌ಗಳನ್ನು ಮೊದಲಿನಿಂದ ಓದಿದೆ. ಆ ಗ್ರಾಹಕರ ಹೆಸರು ಜಾನ್ ಸ್ಮಿತ್ ಅಂತ ಇಟ್ಟುಕೊಳ್ಳೋಣ. ಹುಡುಗನ ಮೊದಲ ಮೇಲ್ ಹೀಗೆ ಶುರುವಾಗಿತ್ತು: ‘ರೆಸ್ಪೆಕ್ಟೆಡ್ ಮಿಸ್ಟರ್ ಜಾನ್ ಸರ್, ಗ್ರೀಟಿಂಗ್ಸ್ ಆಫ್ ದಿ ಡೇ.’ ಉತ್ತರದಲ್ಲಿ ‘ಹಾಯ್’ ಜೊತೆ ಹುಡುಗನ ಹೆಸರು, ಎರಡು ಸಾಲು ವಿಷಯ, ಕೆಳಗೆ ಬರೀ ‘ಜಾನ್’. ಎರಡನೇ ಮೇಲ್ ಮತ್ತೆ ‘ರೆಸ್ಪೆಕ್ಟೆಡ್ ಮಿಸ್ಟರ್ ಜಾನ್ ಸರ್’. ಅದಕ್ಕೆ ಬಂದ ಉತ್ತರದ ಕೊನೆಯಲ್ಲಿ ಒಂದು ಸಾಲು: ‘ಪ್ಲೀಸ್, ಜಸ್ಟ್ ಜಾನ್ ಈಸ್ ಫೈನ್.’ ಮೂರನೇ ಮೇಲ್‌ನಲ್ಲಿ ನಮ್ಮ ಹುಡುಗ ಸ್ವಲ್ಪ ಇಳಿದ. ‘ರೆಸ್ಪೆಕ್ಟೆಡ್ ಜಾನ್ ಸರ್’ ಅಂತ ಬರೆದ. ಮಿಸ್ಟರ್ ಒಂದನ್ನು ಮಾತ್ರ ತೆಗೆದಿದ್ದ. ಆಮೇಲೆ ಒಂದು ವಿಡಿಯೊ ಕಾಲ್‌ನಲ್ಲೂ ಜಾನ್ ನಗುತ್ತಾ ‘ಸರ್ ಬೇಡ’ ಅಂದರಂತೆ. ಇವನು ‘ಶೂರ್ ಸರ್’ ಅಂದನಂತೆ. ಅಲ್ಲಿಂದ ಮುಂದೆ ಜಾನ್ ಮೇಲ್‌ಗಳಲ್ಲಿ ಹಾಯ್ ಕೂಡ ಇಲ್ಲ. ನೇರವಾಗಿ ವಿಷಯ, ಅಷ್ಟೇ.

ಆಫೀಸಿನ ಇಂಗ್ಲಿಷ್ ಕಲಿಸುವುದು ನನ್ನ ಹೊಟ್ಟೆಪಾಡು. ವ್ಯಾಕರಣ ತಪ್ಪಿದರೆ ನನಗೆ ಬೇಜಾರಿಲ್ಲ, ಅದನ್ನು ತಿದ್ದಬಹುದು. ಉಚ್ಚಾರಣೆಯ ಬಗ್ಗೆಯಂತೂ ನಾನು ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಆದರೆ ಒಂದು ನಂಬಿಕೆ ಮಾತ್ರ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮರ್ಯಾದೆಯ ಪದ ಜಾಸ್ತಿ ಹಾಕಿದಷ್ಟೂ ಸಭ್ಯತೆ ಜಾಸ್ತಿ ಆಗುತ್ತದೆ ಅನ್ನುವ ನಂಬಿಕೆ. ಪಾಯಸಕ್ಕೆ ಸಕ್ಕರೆ ಸುರಿದ ಹಾಗೆ. ಎರಡು ಚಮಚಕ್ಕೆ ಸಿಹಿಯಾದರೆ ಆರು ಚಮಚಕ್ಕೆ ಇನ್ನೂ ಸಿಹಿ ಅಲ್ವಾ ಅಂತ ಲೆಕ್ಕ.

ಇಂಗ್ಲಿಷಿನಲ್ಲಿ ನಮಸ್ಕಾರ ಹೇಳುವ ಮಾತು ಮುಖ್ಯವಾಗಿ ತೋರಿಸುವುದು ದೂರವನ್ನು. ನೀವು ಎದುರಿಗಿರುವವರಿಂದ ಎಷ್ಟು ದೂರದಲ್ಲಿ ನಿಂತು ಮಾತಾಡುತ್ತಿದ್ದೀರಿ ಅಂತ ಅದು ಹೇಳುತ್ತದೆ. ‘ಡಿಯರ್ ಮಿಸ್ಟರ್ ಸ್ಮಿತ್’ ಅಂದರೆ ಬಾಗಿಲ ಹೊರಗೆ ನಿಂತಿದ್ದೀರಿ. ‘ಡಿಯರ್ ಜಾನ್’ ಅಂದರೆ ಒಳಗೆ ಬಂದು ಕುರ್ಚಿಯಲ್ಲಿ ಕೂತಿದ್ದೀರಿ. ‘ಹಾಯ್ ಜಾನ್’ ಅಂದರೆ ಕಾಲು ಚಾಚಿ ಕೂತಿದ್ದೀರಿ. ಮೂರೂ ಸಭ್ಯವೇ. ಯಾವಾಗ ಎಲ್ಲಿ ಇರಬೇಕು ಅನ್ನುವುದಷ್ಟೇ ಪ್ರಶ್ನೆ. ಮನೆಯವರು ‘ಒಳಗೆ ಬನ್ನಿ’ ಅಂತ ಮೂರು ಸಲ ಕರೆದ ಮೇಲೂ ಹೊಸ್ತಿಲಾಚೆ ಕೈ ಮುಗಿದುಕೊಂಡು ನಿಂತಿದ್ದರೆ, ನಾಲ್ಕನೇ ಸಲ ಅವರು ಕರೆಯುವುದಿಲ್ಲ. ಬಾಗಿಲಲ್ಲೇ ಮಾತು ಮುಗಿಸಿ ಕಳಿಸುತ್ತಾರೆ. ಜಾನ್ ಮಾಡಿದ್ದು ಅದನ್ನೇ.

ಹುಡುಗನ ಸಂಕಟ ನನಗೆ ಅರ್ಥವಾಗುತ್ತದೆ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಒಳಗೇ ಕೂತಿರುತ್ತದೆ. ಬಾ, ಬನ್ನಿ. ಹೋದ, ಹೋದರು. ಬಾಯಿ ತೆರೆದರೆ ಸಾಕು, ಗೌರವ ತಾನಾಗಿ ಬರುತ್ತದೆ. ಇಂಗ್ಲಿಷಿಗೆ ಹೋದ ತಕ್ಷಣ ಆ ಪ್ರತ್ಯಯ ಕೈಗೆ ಸಿಗುವುದಿಲ್ಲ. ಮಾಲೀಕರಿಗೂ ‘ಕಮ್’, ಮಗುವಿಗೂ ‘ಕಮ್’. ಮೈಮೇಲೆ ಬಟ್ಟೆ ಇಲ್ಲದ ಹಾಗೆ ಅನಿಸುತ್ತದೆ. ಆಗ ಸಿಕ್ಕ ಸರ್ ಅನ್ನೆಲ್ಲ ಎಳೆದು ಹೊದ್ದುಕೊಳ್ಳುತ್ತಾರೆ. ‘ಯು’ ಅಂದರೆ ‘ನೀನು’ ಅಂದ ಹಾಗಾಯಿತಲ್ಲ ಅಂತ ಒಳಗೊಳಗೇ ಹೆದರಿಕೆ.

ಈ ಹೆದರಿಕೆಗೆ ನನ್ನ ಹತ್ತಿರ ಒಂದು ಮದ್ದಿದೆ. ಅದು ಇತಿಹಾಸ. ಇಂಗ್ಲಿಷಿನಲ್ಲಿ ಮೊದಲು ‘ದೌ’ ಮತ್ತು ‘ಯು’ ಎರಡೂ ಇದ್ದವು. ದೌ ಅಂದರೆ ನೀನು. ಯು ಬಹುವಚನ, ದೊಡ್ಡವರಿಗೆ ಹೇಳುವ ನೀವು. 1603ರಲ್ಲಿ ಇಂಗ್ಲೆಂಡಿನ ಹೆಸರಾಂತ ನಾವಿಕ ವಾಲ್ಟರ್ ರಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಸರ್ಕಾರದ ಪರ ವಾದಿಸುತ್ತಿದ್ದ ಎಡ್ವರ್ಡ್ ಕೋಕ್ ಬೇಕಂತಲೇ ಅವರನ್ನು ದೌ ಅಂತ ಕರೆದರು. ದ್ರೋಹಿ, ನಿನ್ನನ್ನು ‘ನೀನು’ ಅಂತಲೇ ಕರೆಯುತ್ತೇನೆ ಅನ್ನುವ ಅರ್ಥದಲ್ಲಿ. ತುಂಬಿದ ಕೋರ್ಟಿನಲ್ಲಿ ಅದು ಕೆನ್ನೆಗೆ ಹೊಡೆದ ಹಾಗೆ. ಅದೇ ಶತಮಾನದಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಎಲ್ಲರೂ ಸಮಾನರು ಅಂತ ದೊಡ್ಡವರಿಗೂ ದೌ ಅಂದರು, ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ. ಅದಕ್ಕಾಗಿ ತೊಂದರೆಯನ್ನೂ ಅನುಭವಿಸಿದರು. ಆದರೆ ಉಳಿದ ಜನ ಯಾಕಪ್ಪಾ ರಿಸ್ಕು ಅಂತ ಎಲ್ಲರಿಗೂ ಯು ಅನ್ನುತ್ತಾ ಹೋದರು. 17ನೇ ಶತಮಾನ ಮುಗಿಯುವ ಹೊತ್ತಿಗೆ ದೌ ದಿನಬಳಕೆಯ ಇಂಗ್ಲಿಷಿನಿಂದ ಹೆಚ್ಚುಕಡಿಮೆ ಮಾಯವಾಗಿತ್ತು. ಅಂದರೆ ಇಂಗ್ಲಿಷಿನವರು ಕಳೆದುಕೊಂಡಿದ್ದು ನೀನು ಅನ್ನುವುದನ್ನು. ಈಗ ನೀವು ಹೇಳುತ್ತಿರುವ ಯು ‘ನೀವು’ವೇ. ಮರ್ಯಾದೆ ಆಗಲೇ ಸೇರಿದೆ. ಮೇಲಿಂದ ಇನ್ನಷ್ಟು ಸುರಿಯುವುದು ಬೇಡ.

ಇದನ್ನು ಹೇಳಿದಾಗ ತರಗತಿಯಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ. ಮಾರನೇ ದಿನ ಮತ್ತೆ ‘ರೆಸ್ಪೆಕ್ಟೆಡ್ ಸರ್’ ಬರುತ್ತದೆ.

ಹಾಗಾಗಿ ಈಗ ನಿಯಮ ಹೇಳುವುದನ್ನು ಬಿಟ್ಟು ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಅವರ ಮೇಲ್‌ನ ಕೊನೆ ನೋಡಿ. ಕೆಳಗೆ ಕಂಪನಿ ತಾನಾಗಿ ಅಂಟಿಸುವ ಹೆಸರು, ಹುದ್ದೆ, ಫೋನ್ ನಂಬರು ಇರುತ್ತದಲ್ಲ, ಅದಲ್ಲ. ಅದರ ಮೇಲೆ ಅವರು ತಾವೇ ಟೈಪ್ ಮಾಡಿದ ಹೆಸರು. ಅಲ್ಲಿ ‘ಜಾನ್’ ಅಂತ ಇದ್ದರೆ ಅದು ಕರೆಯೋಲೆ, ನನ್ನನ್ನು ಹೀಗೆ ಕರೆಯಿರಿ ಅಂತ. ‘ಜಾನ್ ಸ್ಮಿತ್’ ಅಂತ ಪೂರ್ತಿ ಇದ್ದರೆ ಇನ್ನೂ ಕರೆದಿಲ್ಲ, ಸ್ವಲ್ಪ ಕಾಯಿರಿ. ‘ಜೆ’ ಅಂತ ಒಂದೇ ಅಕ್ಷರ ಹಾಕಿದ್ದರೆ ಅವಸರದಲ್ಲಿದ್ದಾರೆ ಅಂತ ಅರ್ಥ. ಅದನ್ನು ನೋಡಿ ‘ಹಾಯ್ ಜೆ’ ಅಂತ ಬರೆಯಲು ಹೋಗಬೇಡಿ. ಒಬ್ಬರು ಒಂದು ಹೆಜ್ಜೆ ಮುಂದೆ ಹೋಗಿದ್ದರು. ಮೇಲ್‌ನ ಕೊನೆಯಲ್ಲಿ ‘ಬೆಸ್ಟ್’ ಅಂತ ಇತ್ತು, ಅಂದರೆ ಬೆಸ್ಟ್ ವಿಶಸ್ ಅಂತ, ಅದರ ಕೆಳಗೆ ಹೆಸರು. ಇವರು ಬೆಸ್ಟ್ ಅನ್ನುವುದನ್ನೇ ಹೆಸರು ಅಂದುಕೊಂಡು ‘ಡಿಯರ್ ಮಿಸ್ಟರ್ ಬೆಸ್ಟ್’ ಅಂತ ಉತ್ತರ ಬರೆದರು. ಆ ಕಡೆಯವರು ಹೆಂಗಸು. ಪಾಪ, ಅವರು ಏನೂ ಅನ್ನಲಿಲ್ಲ. ಮುಂದಿನ ಮೇಲ್‌ನಲ್ಲಿ ಬೆಸ್ಟ್ ತೆಗೆದು ಬರೀ ಹೆಸರು ಹಾಕಿದರು.

ಮೊದಲ ಸಲ ಬರೆಯುವಾಗ, ಯಾರು ಏನು ಅಂತ ಗೊತ್ತಿಲ್ಲದಾಗ, ಒಂದು ಮೆಟ್ಟಿಲು ಮೇಲಿಂದಲೇ ಶುರು ಮಾಡಿ. ಡಿಯರ್, ಮಿಸ್ಟರ್ ಅಥವಾ ಹೆಂಗಸರಾದರೆ ಮಿಜ್ (Ms), ಮನೆತನದ ಹೆಸರು. ಅವರು ಕರೆದಾಗ ಇಳಿಯಿರಿ. ಇಳಿದ ಮೇಲೆ ಮತ್ತೆ ಹತ್ತಬೇಡಿ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಯಾಕೆಂದರೆ ಜಾಸ್ತಿ ಏಟು ತಿನ್ನುವುದು ಇಲ್ಲೇ. ನಾವು ಯಾರನ್ನಾದರೂ ‘ನೀನು’ ಅಂತ ಕರೆಯುತ್ತಾ ಇದ್ದು, ಒಂದು ದಿನ ಇದ್ದಕ್ಕಿದ್ದ ಹಾಗೆ ‘ನೀವು ಹೇಳಿ, ನಿಮಗೇ ಗೊತ್ತಲ್ಲ’ ಅಂದರೆ ಏನರ್ಥ? ಸಿಟ್ಟು ಬಂದಿದೆ ಅಂತ. ಹೆಂಡತಿ ಗಂಡನಿಗೆ, ಅಮ್ಮ ಮಗನಿಗೆ ಹಾಗೆ ಅಂದಾಗ ಮನೆಯವರಿಗೆಲ್ಲ ತಿಳಿಯುತ್ತದೆ. ಇಂಗ್ಲಿಷಿನಲ್ಲೂ ಹಾಗೇ. ಎರಡು ವರ್ಷ ‘ಹಾಯ್ ಜಾನ್’ ಅಂತಿದ್ದವರು ಒಂದು ಬೆಳಗ್ಗೆ ‘ಡಿಯರ್ ಮಿಸ್ಟರ್ ಸ್ಮಿತ್’ ಅಂತ ಬರೆದರೆ, ಜಾನ್ ವಿಷಯ ಓದುವ ಮೊದಲೇ ವಕೀಲರಿಗೆ ಫೋನ್ ಮಾಡಬೇಕಾ ಅಂತ ಯೋಚಿಸುತ್ತಾರೆ.

ನನ್ನ ಹತ್ತಿರ ಕಲಿಯಲು ಬಂದಿದ್ದ ಒಬ್ಬ ಮ್ಯಾನೇಜರ್ ಹೀಗೇ ಮಾಡಿಕೊಂಡಿದ್ದರು. ಹಳೇ ಸರಬರಾಜುದಾರರು, ಸಲುಗೆಯ ಮಾತು. ಒಂದು ದಿನ ಮೇಲ್‌ನಲ್ಲಿ ತಮ್ಮ ನಿರ್ದೇಶಕರನ್ನೂ ಸೇರಿಸಬೇಕಾಯಿತು. ದೊಡ್ಡವರು ನೋಡುತ್ತಾರೆ, ಸಲುಗೆ ಕಾಣಬಾರದು ಅಂತ ‘ಡಿಯರ್ ಮಿಸ್ಟರ್’ ಹಾಕಿದರು. ಹತ್ತು ನಿಮಿಷಕ್ಕೆ ಆ ಕಡೆಯಿಂದ ಫೋನ್. ‘ನಮ್ಮಿಂದ ಏನಾದ್ರೂ ತಪ್ಪಾಯ್ತಾ?’ ಮೇಲ್‌ನಲ್ಲಿ ಇದ್ದದ್ದು ಸುಮ್ನೆ ಒಂದು ಮೀಟಿಂಗ್ ಸಮಯ ಬದಲಾಯಿಸುವ ವಿಷಯ. ಹಾಗಾದರೆ ದೊಡ್ಡವರು ಸೇರಿದ್ದಾಗ ಏನು ಮಾಡಬೇಕು? ಆ ವ್ಯಕ್ತಿಯನ್ನು ಎಂದಿನಂತೆ ಕರೆಯಿರಿ. ತುಂಬಾ ಮುಜುಗರ ಅನಿಸಿದರೆ ಹಾಯ್ ಬದಲು ಹಲೋ ಹಾಕಿ, ಅರ್ಧ ಮೆಟ್ಟಿಲು ಸಾಕು.

ಇನ್ನು ಸರ್ ವಿಷಯ. ಹೆಸರಿನ ಮುಂದೆ ಮಿಸ್ಟರ್, ಹಿಂದೆ ಸರ್, ನಡುವೆ ಜಾನ್. ಈ ಬಿಸ್ಕತ್ತಿನ ಸ್ಯಾಂಡ್‌ವಿಚ್ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಮಿಸ್ಟರ್ ಬಂದರೆ ಮನೆತನದ ಹೆಸರು ಬರಬೇಕು. ಮಿಸ್ಟರ್ ಸ್ಮಿತ್. ಮಿಸ್ಟರ್ ಜಾನ್ ಅಲ್ಲ. ಸರ್ ಅನ್ನುವುದನ್ನು ಹೆಸರಿಗೆ ಅಂಟಿಸಿದರೆ ಅದು ಬ್ರಿಟನ್ನಿನ ರಾಜರು ಕೊಡುವ ನೈಟ್ ಪದವಿ. ಆಗ ಅದು ಮುಂದೆ ಬರುತ್ತದೆ, ಸ್ವಂತ ಹೆಸರಿನ ಜೊತೆ. ಐಸಾಕ್ ನ್ಯೂಟನ್ ಅವರು ಸರ್ ಐಸಾಕ್. ಸರ್ ನ್ಯೂಟನ್ ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಹೆಸರಿಲ್ಲದೆ ಬರೀ ಸರ್ ಅನ್ನುವುದು ಇದೆ. ಹೋಟೆಲಿನಲ್ಲಿ, ವಿಮಾನದಲ್ಲಿ, ಸೈನ್ಯದಲ್ಲಿ, ಕೆಲವು ಶಾಲೆಗಳಲ್ಲಿ. ಅಮೆರಿಕದ ದಕ್ಷಿಣ ಭಾಗದಲ್ಲಿ ಸರ್, ಮ್ಯಾಮ್ ಎರಡೂ ದಿನನಿತ್ಯದ ಮಾತು. ಆದರೆ ಒಂದೇ ಯೋಜನೆಯಲ್ಲಿ ಜೊತೆಗೆ ಕೆಲಸ ಮಾಡುವವರು ಮಾತು ಮಾತಿಗೂ ಸರ್ ಅಂದರೆ ಕೇಳುವವರಿಗೆ ವಿಚಿತ್ರ ಅನಿಸುತ್ತದೆ. ಇವರು ನನಗೆ ಏನೋ ಮಾರಲು ಬಂದಿದ್ದಾರೆ ಅನ್ನುವ ಭಾವನೆ ಬರುತ್ತದೆ. ಇನ್ನೂ ಕೆಟ್ಟದ್ದು ಅಂದರೆ, ಇವರಿಗೆ ತಮ್ಮ ಅಭಿಪ್ರಾಯ ಹೇಳುವ ಧೈರ್ಯ ಇಲ್ಲ ಅಂದುಕೊಳ್ಳುತ್ತಾರೆ. ಸಂಬಳದ ಮಾತು ಬಂದಾಗ ಈ ಅನಿಸಿಕೆ ದುಬಾರಿಯಾಗಬಹುದು.

ಮನೆತನದ ಹೆಸರು ಯಾವುದು ಅಂತ ಕಂಡುಹಿಡಿಯುವುದೂ ಒಂದು ತಲೆನೋವು, ಒಪ್ಪುತ್ತೇನೆ. ಚೀನಾ, ಜಪಾನ್, ಕೊರಿಯಾ, ಹಂಗೇರಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಅವರಲ್ಲಿ ಕೆಲವರು ಇಂಗ್ಲಿಷಿನಲ್ಲಿ ಬರೆಯುವಾಗ ತಿರುಗಿಸಿ ಬರೆಯುತ್ತಾರೆ, ಕೆಲವರು ಬರೆಯುವುದಿಲ್ಲ. ಸ್ಪ್ಯಾನಿಷ್ ಹೆಸರಿನಲ್ಲಿ ಎರಡು ಮನೆತನ ಇರುತ್ತವೆ, ಸಾಮಾನ್ಯವಾಗಿ ಕರೆಯುವಾಗ ಬಳಸುವುದು ಮೊದಲನೆಯದು. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ, ಅಪ್ಪನ ಅಥವಾ ಅಮ್ಮನ ಹೆಸರಿನಿಂದ ಮಾಡಿದ ಹೆಸರು ಇರುತ್ತದೆ. ಅಲ್ಲಿ ಅಧ್ಯಕ್ಷರನ್ನೂ ಸ್ವಂತ ಹೆಸರಿನಿಂದಲೇ ಕರೆಯುತ್ತಾರೆ. ಬ್ರಿಟನ್ನಿನ ಸರ್ಜನ್‌ಗೆ ಡಾಕ್ಟರ್ ಅಂತ ಬರೆದರೆ ನೀವು ಗೌರವ ಕೊಟ್ಟಿರಿ ಅಂದುಕೊಳ್ಳುತ್ತೀರಿ, ಅವರು ಅಂದುಕೊಳ್ಳಲಿಕ್ಕಿಲ್ಲ. ಅಲ್ಲಿ ಸರ್ಜನ್‌ಗಳು ಮಿಸ್ಟರ್, ಮಿಸ್ ಅಥವಾ ಮಿಜ್. ಹಿಂದೆ ಸರ್ಜನ್‌ಗಳು ವಿಶ್ವವಿದ್ಯಾಲಯದಲ್ಲಿ ಓದಿದವರಾಗಿರಲಿಲ್ಲ, ಕ್ಷೌರಿಕರ ಜೊತೆ ಒಂದೇ ಸಂಘದಲ್ಲಿದ್ದರು. ಆಗಿನ ಮಿಸ್ಟರ್ ಈಗ ಅವರಿಗೆ ಹೆಮ್ಮೆಯ ಗುರುತು. ಇದನ್ನೆಲ್ಲ ಬಾಯಿಪಾಠ ಮಾಡಿ ಅಂತ ನಾನು ಹೇಳುವುದಿಲ್ಲ. ಗೊತ್ತಾಗದಿದ್ದರೆ ಪೂರ್ತಿ ಹೆಸರು ಬರೆಯಿರಿ. ‘ಡಿಯರ್ ಜಾನ್ ಸ್ಮಿತ್.’ ಸ್ವಲ್ಪ ಬಿಗಿ ಅನಿಸಬಹುದು, ಆದರೆ ಯಾರಿಗೂ ನೋವಾಗುವುದಿಲ್ಲ. ಗಂಡಸೋ ಹೆಂಗಸೋ ಅಂತ ಹೆಸರಿನಿಂದ ತಿಳಿಯದಾಗಲೂ ಇದೇ ದಾರಿ. ಹೆಸರನ್ನು ಮಾತ್ರ ಅವರ ಮೇಲ್‌ನಿಂದಲೇ ಕಾಪಿ ಮಾಡಿ ಹಾಕಿ. ಸ್ಪೆಲ್ಲಿಂಗ್ ತಪ್ಪಿದರೆ ಅದರ ಮುಂದೆ ಎಷ್ಟು ರೆಸ್ಪೆಕ್ಟೆಡ್ ಇದ್ದರೂ ನೀರಲ್ಲಿ ಹೋಮ.

ಹೆಂಗಸರಿಗೆ ಬರೆಯುವಾಗ ಮಿಜ್ ಬಳಸಿ, ಅವರೇ ಬೇರೆ ಹೇಳದಿದ್ದರೆ. ಮಿಸೆಸ್, ಮಿಸ್ ಎರಡೂ ಮಿಸ್ಟ್ರೆಸ್ ಅನ್ನುವ ಒಂದೇ ಪದದಿಂದ ಹುಟ್ಟಿದವು. ಆಮೇಲೆ ಮದುವೆಯಾದವರು, ಆಗದವರು ಅಂತ ಬೇರೆಯಾದವು. ಮದುವೆಯ ವಿಷಯ ನಮಗ್ಯಾಕೆ, ಎರಡಕ್ಕೂ ಹೊಂದುವ ಒಂದು ಪದ ಇರಲಿ ಅಂತ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಪತ್ರಿಕೆ 1901ರಲ್ಲೇ ಮಿಜ್ ಅನ್ನು ಸೂಚಿಸಿತ್ತು. ನ್ಯೂಯಾರ್ಕ್ ಟೈಮ್ಸ್ ಅದನ್ನು ಒಪ್ಪಿಕೊಂಡಿದ್ದು 1986ರಲ್ಲಿ. 85 ವರ್ಷ ಹಿಡಿಯಿತು. ನನ್ನ ವಿದ್ಯಾರ್ಥಿಗಳು ಅದಕ್ಕಿಂತ ಬೇಗ ಕಲಿಯುತ್ತಾರೆ, ನಿಜ ಹೇಳಬೇಕು.

ಡಿಯರ್ ಪದದ ಬಗ್ಗೆ ಒಂದು ಎಚ್ಚರಿಕೆ. ಕಾಗದದ ಮೇಲೆ ಡಿಯರ್ ಅನ್ನುವುದಕ್ಕೆ ಪ್ರೀತಿ ಗೀತಿ ಏನೂ ಇಲ್ಲ. ಬಾಕಿ ಹಣ ಕೊಡದಿದ್ದರೆ ಕೋರ್ಟಿಗೆ ಹೋಗುತ್ತೇವೆ ಅನ್ನುವ ಪತ್ರವೂ ಡಿಯರ್ ಅಂತಲೇ ಶುರುವಾಗುತ್ತದೆ. ಆದರೆ ಅದೇ ಪದ ಬಾಯಿಗೆ ಬಂದರೆ, ಚಾಟ್‌ಗೆ ಬಂದರೆ, ಹೆಸರಿಲ್ಲದೆ ಒಂಟಿಯಾಗಿ ನಿಂತರೆ, ಪೂರ್ತಿ ಬೇರೆ. ‘ಡಿಯರ್ ಅನಾ’ ವ್ಯವಹಾರ. ‘ಹಲೋ ಡಿಯರ್’ ಸಲುಗೆ. ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದು. ಒಬ್ಬ ಒಳ್ಳೆಯ ಹುಡುಗ, ಯಾರ ಕಡೆಗೂ ಕಣ್ಣೆತ್ತಿ ನೋಡದವನು, ಗ್ರಾಹಕರ ಚಾಟ್‌ನಲ್ಲಿ ಎಲ್ಲರಿಗೂ ‘ಯೆಸ್ ಡಿಯರ್, ಟೆಲ್ ಮಿ’ ಅಂತ ಬರೆಯುತ್ತಿದ್ದ. ದೂರು ಹೋಯಿತು. ಅವನನ್ನು ನನ್ನ ಹತ್ತಿರ ಕಳಿಸಿದರು. ‘ಡಿಯರ್ ಸರ್ ಅಂತ ಬರೆಯಬಹುದು, ಯೆಸ್ ಡಿಯರ್ ಅಂತ ಯಾಕೆ ಬರೆಯಬಾರದು ಮೇಡಂ?’ ಅಂತ ಕೇಳಿದ. ಕಣ್ಣಲ್ಲಿ ನೀರಿತ್ತು. ತರ್ಕದ ಪ್ರಕಾರ ಅವನ ಪ್ರಶ್ನೆ ಸರಿ. ಭಾಷೆ ತರ್ಕದ ಮಾತು ಕೇಳುವುದಿಲ್ಲ. ಅಂದಿನಿಂದ ಡಿಯರ್ ಪಾಠವನ್ನು ಮೊದಲ ದಿನವೇ ಮುಗಿಸಿಬಿಡುತ್ತೇನೆ. ಆ ಹುಡುಗ ಈಗ ಒಂದು ತಂಡ ನಡೆಸುತ್ತಿದ್ದಾನೆ. ಅವನ ತಂಡದಲ್ಲಿ ಆ ಪದಕ್ಕೇ ನಿಷೇಧ ಹಾಕಿದ್ದಾನಂತೆ. ಅದೂ ಸ್ವಲ್ಪ ಅತಿಯಾಯಿತು.

‘ಹೌ ಆರ್ ಯು’ ಬಗ್ಗೆ ಎಲ್ಲರಿಗೂ ಗೊತ್ತಿದೆ ಅಂದುಕೊಂಡು ಬೇಗ ಮುಗಿಸುತ್ತೇನೆ. ಅದು ಬಾಗಿಲು ತಟ್ಟಿದ ಹಾಗೆ. ಪ್ರಶ್ನೆ ಹೌದು, ವಿಚಾರಣೆ ಅಲ್ಲ. ಇಂಥ ಮಾತಿಗೆ ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ 1923ರಲ್ಲಿ ಒಂದು ಹೆಸರೇ ಕೊಟ್ಟರು, ‘ಫ್ಯಾಟಿಕ್ ಕಮ್ಯೂನಿಯನ್’ ಅಂತ. ಸುದ್ದಿ ಮುಟ್ಟಿಸುವುದಕ್ಕಲ್ಲ, ಸಂಬಂಧ ಬೆಸೆಯುವುದಕ್ಕೆ ಆಡುವ ಮಾತು. ‘ಫೈನ್, ಥ್ಯಾಂಕ್ಸ್. ಆ್ಯಂಡ್ ಯು?’ ಅಷ್ಟೇ ಸಾಕು. ಸೊಂಟ ನೋವು ಬೇಡ. ಆದರೆ ‘ಆ್ಯಂಡ್ ಯು’ ಮರೆಯಬೇಡಿ. ಅದು ವಾಪಸ್ ತಟ್ಟಿದ ಹಾಗೆ. ‘ಹೌ ಡು ಯು ಡು’ ಅನ್ನುವುದಂತೂ ಪ್ರಶ್ನೆಯ ವೇಷ ಹಾಕಿದ ನಮಸ್ಕಾರ. ಹಳೇ ಪದ್ಧತಿಯಲ್ಲಿ ಅದಕ್ಕೆ ಉತ್ತರ ‘ಹೌ ಡು ಯು ಡು’ ಅಂತಲೇ. ಈಗ ಕೇಳುವುದು ಕಡಿಮೆ, ಕೇಳಿದರೆ ಗಾಬರಿಯಾಗಬೇಡಿ.

ಹೊತ್ತಿನ ನಮಸ್ಕಾರಗಳೂ ಅಷ್ಟೇ. ಮಧ್ಯಾಹ್ನ 12ರ ತನಕ ಗುಡ್ ಮಾರ್ನಿಂಗ್, ಆಮೇಲೆ ಗುಡ್ ಆಫ್ಟರ್‌ನೂನ್, ಸಂಜೆ ಐದಾರರಿಂದ ಗುಡ್ ಈವ್ನಿಂಗ್. ರಾತ್ರಿ ಹತ್ತಕ್ಕೆ ಭೇಟಿಯಾದರೂ ಗುಡ್ ಈವ್ನಿಂಗೇ. ಗುಡ್ ನೈಟ್ ಅಂದರೆ ಹೊರಟೆ ಅಂತ ಅರ್ಥ. ಒಂದು ದೊಡ್ಡ ರಾತ್ರಿ ಊಟದಲ್ಲಿ ಒಬ್ಬರು ಮುಖ್ಯ ಅತಿಥಿಯ ಕೈ ಹಿಡಿದು ‘ವೆರಿ ಗುಡ್ ನೈಟ್ ಸರ್’ ಅಂದರು. ಅತಿಥಿ ಗೊಂದಲದಲ್ಲಿ ಕೋಟು ಹುಡುಕತೊಡಗಿದರು. ಬೇರೆ ದೇಶದವರ ಜೊತೆ ಕಾಲ್ ಇದ್ದರೆ ಅವರ ಗಡಿಯಾರ ನೋಡಿ ಹೇಳಬೇಕು, ಇಲ್ಲವೇ ಹಲೋ ಅಂದುಬಿಡಬೇಕು. ಮೇಲ್‌ನಲ್ಲಿ ಹೊತ್ತು ಹಾಕದಿರುವುದೇ ಒಳ್ಳೆಯದು, ಅವರು ಯಾವಾಗ ಓದುತ್ತಾರೋ ಯಾರಿಗೆ ಗೊತ್ತು. ಈ ತೊಂದರೆಯಿಂದ ತಪ್ಪಿಸಿಕೊಳ್ಳಲು ಹುಟ್ಟಿದ್ದೇ ‘ಗ್ರೀಟಿಂಗ್ಸ್ ಆಫ್ ದಿ ಡೇ’ ಅಂತ ನನ್ನ ಅನುಮಾನ. ತಪ್ಪು ಅಂತ ಹೇಳಲಾರೆ. ಹೊರಗಿನವರಿಗೆ ಮಾತ್ರ ಅದು ಹಬ್ಬದ ಶುಭಾಶಯ ಪತ್ರದ ಹಾಗೆ ಕೇಳಿಸುತ್ತದೆ. ಇವತ್ತು ಯಾವ ದಿನ, ಏನು ವಿಶೇಷ ಅಂತ ಯೋಚಿಸುತ್ತಾರೆ.

ಹಲೋ ಅಂದರೆ ಸಾಕಾ, ಅಷ್ಟು ಸಾಧಾರಣ ಪದ ಸಾಕಾ ಅಂತ ಕೇಳುವವರಿದ್ದಾರೆ. ಹಲೋ ನಿಜಕ್ಕೂ ಸಾಧಾರಣ ಮನೆತನದ ಪದವೇ. ಮೊದಲು ಅದು ಯಾರನ್ನಾದರೂ ಕೂಗಿ ಕರೆಯಲು, ಆಶ್ಚರ್ಯ ತೋರಿಸಲು ಬಳಸುತ್ತಿದ್ದ ಕೂಗು. ಟೆಲಿಫೋನ್ ಬಂದ ಮೇಲೆ ಅದರ ನಸೀಬು ತೆರೆಯಿತು. ಗ್ರಹಾಂ ಬೆಲ್‌ಗೆ ಇಷ್ಟವಿದ್ದದ್ದು ‘ಅಹಾಯ್’, ಹಡಗಿನವರ ಕೂಗು. 1877ರ ಆಗಸ್ಟ್‌ನಲ್ಲಿ ಥಾಮಸ್ ಎಡಿಸನ್ ಒಂದು ಪತ್ರದಲ್ಲಿ, ಕರೆಗಂಟೆ ಬೇಕಾಗುವುದಿಲ್ಲ, ಹಲೋ ಅಂದರೆ 10ರಿಂದ 20 ಅಡಿ ದೂರಕ್ಕೆ ಕೇಳಿಸುತ್ತದೆ ಅಂತ ಬರೆದರು. ಗೆದ್ದಿದ್ದು ಎಡಿಸನ್. ಇಲ್ಲದಿದ್ದರೆ ನಾವೆಲ್ಲ ಇವತ್ತು ಫೋನ್ ಎತ್ತಿ ಅಹಾಯ್ ಅನ್ನುತ್ತಿದ್ದೆವು. ಈಗ ಹಲೋ ಪದಕ್ಕೆ ಎಲ್ಲಾ ಕಡೆ ಪ್ರವೇಶವಿದೆ, ಹೆಸರಿನ ಜೊತೆ ಬಂದರೆ ಇನ್ನೂ ಚೆನ್ನ. ಗುಂಪಿಗೆ ಬರೆಯುವಾಗ ‘ಹಲೋ ಎವ್ರಿವನ್’ ಯಾವತ್ತೂ ಕೈ ಕೊಟ್ಟಿಲ್ಲ.

ಆಫೀಸ್ ಚಾಟ್‌ನಲ್ಲಿ ಬರೀ ‘ಹಾಯ್’ ಅಂತ ಹಾಕಿ ಉತ್ತರಕ್ಕೆ ಕಾಯುವವರ ಬಗ್ಗೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಆ ಕಡೆಯವರು ಕೆಲಸ ಬಿಟ್ಟು ಹಾಯ್ ಅನ್ನಬೇಕು, ಆಮೇಲೆ ನೀವು ಟೈಪ್ ಮಾಡುವ ಮೂರು ಚುಕ್ಕೆ ನೋಡುತ್ತಾ ಕೂರಬೇಕು. ಇದರ ಬೇರೂ ಅದೇ ನಂಬಿಕೆ. ತಕ್ಷಣ ಕೆಲಸದ ಮಾತು ಎತ್ತಿದರೆ ಒರಟು ಅನಿಸೀತು ಅಂತ. ಒಂದೇ ಸಂದೇಶದಲ್ಲಿ ಹಾಯ್, ಹೆಸರು, ವಿಷಯ ಮೂರನ್ನೂ ಹಾಕಿ. ಅವರ ಸಮಯ ಉಳಿಸಿದ್ದೇ ಮರ್ಯಾದೆ.

ಸಭ್ಯತೆಯ ಬಗ್ಗೆ ಭಾಷಾತಜ್ಞರಾದ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್, ಮೆಕ್ಸಿಕೊದ ತ್ಸೆಲ್ತಾಲ್, ನಮ್ಮ ಪಕ್ಕದ ತಮಿಳು, ಈ ಮೂರು ಭಾಷೆಗಳನ್ನು ಇಟ್ಟುಕೊಂಡು. ಅವರ ಲೆಕ್ಕದಲ್ಲಿ ಮಾತಿನ ನಯ ಮೂರರ ಮೇಲೆ ನಿಂತಿದೆ. ಇಬ್ಬರ ನಡುವಿನ ದೂರ, ಅಧಿಕಾರದ ಅಂತರ, ಕೇಳುತ್ತಿರುವ ಕೆಲಸದ ಭಾರ. ನನ್ನ ವಿದ್ಯಾರ್ಥಿಗಳು ನಡುವಿನದ್ದನ್ನು ಮಾತ್ರ ನೋಡುತ್ತಾರೆ. ಅವರು ದೊಡ್ಡವರು, ನಾನು ಚಿಕ್ಕವನು, ಮುಗಿಯಿತು. ಮೂರನೆಯದನ್ನು ಮರೆತೇಬಿಡುತ್ತಾರೆ. ‘ರೆಸ್ಪೆಕ್ಟೆಡ್ ಸರ್’ ಅಂತ ಶುರು ಮಾಡಿ, ಎರಡನೇ ಸಾಲಿನಲ್ಲಿ ‘ಸೆಂಡ್ ದಿ ಫೈಲ್ ಟುಡೇ ಇಟ್‌ಸೆಲ್ಫ್’ ಅಂತ ಅಪ್ಪಣೆ ಕೊಡುತ್ತಾರೆ! ಮೇಲೆ ಹೂವಿನ ಹಾರ, ಕೆಳಗೆ ಕಾಲಿಗೆ ಏಟು. ‘ಹಾಯ್ ಜಾನ್’ ಅಂದು ‘ಕುಡ್ ಯು ಸೆಂಡ್ ದಿ ಫೈಲ್ ಟುಡೇ?’ ಅಂತ ಕೇಳಿದವಳು ಎಷ್ಟೋ ಪಾಲು ಹೆಚ್ಚು ಸಭ್ಯಳು. ಪಕ್ಕದ ಸೀಟಿನ ಹುಡುಗಿ ಮಾಡುತ್ತಿದ್ದದ್ದು ಇದನ್ನೇ.

ಇಷ್ಟು ಹೇಳಿ, ಒಂದೆರಡು ಕಡೆ ಹಿಂದೆ ಸರಿಯುತ್ತೇನೆ. ಕೋರ್ಟು, ಸೈನ್ಯ, ರಾಯಭಾರ ಕಚೇರಿ, ವಿಶ್ವವಿದ್ಯಾಲಯ, ಇವುಗಳಿಗೆ ಅವುಗಳದೇ ಪದ್ಧತಿ ಇದೆ. ಅಲ್ಲಿ ನನ್ನ ಮಾತು ಕೇಳಬೇಡಿ, ಅಲ್ಲಿನವರನ್ನು ಕೇಳಿ. ಪ್ರೊಫೆಸರನ್ನು ಅವರೇ ಹೇಳುವ ತನಕ ಪ್ರೊಫೆಸರ್ ಅಂತಲೇ ಕರೆಯಿರಿ. ನಿಮ್ಮ ಆಫೀಸಿನಲ್ಲಿ ಎಲ್ಲರೂ ಸರ್ ಅನ್ನುತ್ತಿದ್ದರೆ ನೀವೊಬ್ಬರೇ ಕ್ರಾಂತಿ ಮಾಡಲು ಹೋಗಬೇಡಿ. ಹೆಸರೇ ತಿಳಿಯದವರಿಗೆ ‘ಡಿಯರ್ ಸರ್ ಆರ್ ಮೇಡಂ’ ಇನ್ನೂ ನಡೆಯುತ್ತದೆ. ಬ್ರಿಟಿಷ್ ಪದ್ಧತಿಯಲ್ಲಿ ಅದಕ್ಕೆ ಕೊನೆಯಲ್ಲಿ ‘ಯುವರ್ಸ್ ಫೇತ್‌ಫುಲಿ’, ಹೆಸರು ಹಾಕಿ ಬರೆದಿದ್ದರೆ ‘ಯುವರ್ಸ್ ಸಿನ್ಸಿಯರ್ಲಿ’. ಆದರೆ ಹೆಸರು ಹುಡುಕಲು ಎರಡು ನಿಮಿಷ ಸೋಮಾರಿತನ ಬಿಟ್ಟರೆ ಸಾಮಾನ್ಯವಾಗಿ ಸಿಗುತ್ತದೆ.

ಮತ್ತೆ ಆ ಹುಡುಗನ ಕಥೆಗೆ ಬರೋಣ. ನನ್ನ ಮುಂದೆಯೇ ಒಂದು ಮೇಲ್ ಬರೆಯಲು ಹೇಳಿದೆ. ‘ಹಾಯ್ ಜಾನ್’ ಅಂತ ಟೈಪ್ ಮಾಡಿದ. ಅಳಿಸಿದ. ‘ಡಿಯರ್ ಜಾನ್’ ಹಾಕಿದ. ಜಾನ್ ಮುಂದೆ ಕರ್ಸರ್ ಮಿಣುಕುತ್ತಾ ನಿಂತಿತು. ಅವನ ಬೆರಳು ತಾನಾಗಿ ಎಸ್ ಅಕ್ಷರದ ಕಡೆ ಹೋಯಿತು, ಹಿಂದೆ ಬಂತು. ‘ಏನೋ ಬಿಟ್ಟುಹೋದ ಹಾಗೆ ಅನಿಸ್ತಿದೆ ಮೇಡಂ, ಬರಿಗಾಲಲ್ಲಿ ಹೊರಗೆ ಬಂದ ಹಾಗೆ’ ಅಂದ. ಕೊನೆಗೆ ಹಾಯ್‌ಗೇ ವಾಪಸ್ ಬಂದು, ಅಲ್ಪವಿರಾಮ ಹಾಕಿ, ಮೀಟಿಂಗ್ ಯಾವಾಗ ಇಡೋಣ ಅಂತ ಎರಡು ಸಾಲು ಬರೆದು, ಕಣ್ಣು ಮುಚ್ಚಿ ಕಳಿಸಿದ. ನಿಜವಾಗಲೂ ಕಣ್ಣು ಮುಚ್ಚಿದ್ದ.

ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು. ‘ಹಾಯ್’, ಹುಡುಗನ ಹೆಸರು, ಗುರುವಾರ ಮೂರು ಗಂಟೆ ಆಗುತ್ತಾ ಅಂತ ಒಂದು ಪ್ರಶ್ನೆ, ‘ಜಾನ್’. ಹುಡುಗ ಮೇಲಿಂದ ಕೆಳಗೆ ಎರಡು ಸಲ ಓದಿದ. ಮುಖದಲ್ಲಿ ಸ್ವಲ್ಪ ನಿರಾಸೆ.

‘ಸರ್ ಬಿಟ್ಟಿದ್ದರ ಬಗ್ಗೆ ಏನೂ ಹೇಳಲೇ ಇಲ್ಲ ಅಲ್ವಾ ಮೇಡಂ?’ ಅಂದ.

‘ಇಲ್ಲ. ಗುರುವಾರ ನೀನು ಬಿಡುವಾಗಿದ್ದೀಯಾ ನೋಡು’ ಅಂದೆ.